ಕೃಷಿ ರಾಸಾಯನಿಕಗಳಿಂದ ಚರ್ಮ ಮತ್ತು ಕಣ್ಣಿನ ಉರಿ: ಮುಂಚಿತವಾಗಿ ಗುರುತಿಸುವ ಬಗೆ (ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ರೈತರಿಗೆ)

ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳಲ್ಲಿ ಕೊಳವೆಬಾವಿ ನೀರಿನ ಆಸರೆಯಲ್ಲಿ ಟೊಮೆಟೊ, ಬೀನ್ಸ್, ಎಲೆಕೋಸು ಮುಂತಾದ ತರಕಾರಿಗಳನ್ನೂ ಹಿಪ್ಪುನೇರಳೆಯನ್ನೂ ಬೆಳೆಯುವ ರೈತರು ವರ್ಷದ ಬಹುಪಾಲು ತಿಂಗಳುಗಳಲ್ಲಿ ಒಂದಲ್ಲ ಒಂದು ರಾಸಾಯನಿಕವನ್ನು ಬಳಸುತ್ತಾರೆ. ಇವು ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕಗಳಷ್ಟೇ ಅಲ್ಲ. ಬೋರ್ಡೊ ದ್ರಾವಣಕ್ಕೆ ಬೇಕಾದ ಮೈಲುತುತ್ತ ಮತ್ತು ಸುಣ್ಣ, ರೇಷ್ಮೆ ಹುಳು ಸಾಕಣೆ ಮನೆಗೆ ಹಾಕುವ ಬ್ಲೀಚಿಂಗ್ ಪುಡಿ, ಹನಿ ನೀರಾವರಿ ಪೈಪುಗಳಲ್ಲಿ ಕಟ್ಟಿದ ಉಪ್ಪನ್ನು ಕರಗಿಸಲು ಬಿಡುವ ಆಮ್ಲ, ರಸಾವರಿಗೆ ಬಳಸುವ ಕ್ಯಾಲ್ಸಿಯಂ ನೈಟ್ರೇಟ್ ಇವೆಲ್ಲವೂ ಈ ಪಟ್ಟಿಗೆ ಸೇರುತ್ತವೆ.

ಪೀಡೆನಾಶಕ ಕೊಳ್ಳುವಾಗ ಹೆಚ್ಚಿನವರು ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡುತ್ತಾರೆ. ಕೆಂಪು ಇದ್ದರೆ ಎಚ್ಚರ ವಹಿಸುತ್ತಾರೆ, ಹಸಿರು ಇದ್ದರೆ ಬರಿಗೈಯಲ್ಲಿ ಕಲಸುತ್ತಾರೆ. ಆದರೆ ಕಣ್ಣಿಗೆ ಬಿದ್ದರೆ ಏನಾಗುತ್ತದೆ, ಚರ್ಮಕ್ಕೆ ತಗುಲಿದರೆ ಏನಾಗುತ್ತದೆ ಎಂಬುದನ್ನು ಆ ಬಣ್ಣ ತಿಳಿಸುವುದಿಲ್ಲ. ಅದನ್ನು ಬೇರೆ ಕಡೆ ಹುಡುಕಬೇಕು. ಎಲ್ಲಿ ಮತ್ತು ಹೇಗೆ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತ್ರಿಕೋನದ ಬಣ್ಣ ಅಳೆಯುವುದು ಏನನ್ನು?

1968ರ ಕೀಟನಾಶಕಗಳ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಪ್ರತಿ ಪೀಡೆನಾಶಕದ ಲೇಬಲ್ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕವೊಂದಿರಬೇಕು. ಅದರ ಕೆಳ ಅರ್ಧದ ಬಣ್ಣವು ವಿಷದ ತೀವ್ರತೆಯನ್ನು ಸೂಚಿಸುತ್ತದೆ. ಪ್ರಯೋಗಕ್ಕೆ ಒಳಪಡಿಸಿದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಬೇಕಾದ ಪ್ರಮಾಣವೇ ಇದಕ್ಕೆ ಆಧಾರ. ಬಾಯಿಯ ಮೂಲಕ ಕೊಟ್ಟಾಗ ಪ್ರತಿ ಕಿಲೋ ದೇಹತೂಕಕ್ಕೆ 1ರಿಂದ 50 ಮಿಲಿಗ್ರಾಂ ಸಾಕಾದರೆ ಕೆಂಪು, 51ರಿಂದ 500 ಆದರೆ ಹಳದಿ, 501ರಿಂದ 5000 ಆದರೆ ನೀಲಿ, 5000ಕ್ಕಿಂತ ಹೆಚ್ಚು ಬೇಕಾದರೆ ಹಸಿರು. ಚರ್ಮದ ಮೂಲಕ ಎಂಬ ಇನ್ನೊಂದು ಅಳತೆಯೂ ಇದೆ. ಅದು ಕೂಡ ಚರ್ಮದೊಳಗೆ ಇಳಿದು ಸಾವು ತರುವ ಪ್ರಮಾಣವೇ ಹೊರತು ಚರ್ಮ ಸುಡುವ ಪ್ರಮಾಣವಲ್ಲ.

ಒಟ್ಟಿನಲ್ಲಿ ಬಣ್ಣವು ಸಾವಿನ ಲೆಕ್ಕವನ್ನು ಹೇಳುತ್ತದೆ. ಕ್ಲೋರೋಥಲೋನಿಲ್ ಎಂಬ ಶಿಲೀಂಧ್ರನಾಶಕವನ್ನು ನೋಡಿ. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ಇದರ ಮಾರಕ ಪ್ರಮಾಣ 5000 ಮಿಲಿಗ್ರಾಂ ದಾಟುತ್ತದೆ. ಅಂದರೆ ನುಂಗಿದಾಗಿನ ವಿಷತ್ವ ಬಹಳ ಕಡಿಮೆ. ಆದರೂ ಯೂರೋಪಿನ ಅಧಿಕೃತ ವರ್ಗೀಕರಣದಲ್ಲಿ ಇದು ಕಣ್ಣಿಗೆ ಗಂಭೀರ ಹಾನಿ ಮಾಡುವ ವಸ್ತು, ಜೊತೆಗೆ ಚರ್ಮಕ್ಕೆ ಅಲರ್ಜಿ ತರುವ ವಸ್ತು. ಟೊಮೆಟೊ ಅಂಗಮಾರಿಗೆ ನಮ್ಮಲ್ಲಿ ಧಾರಾಳವಾಗಿ ಬಳಸುವ ಮ್ಯಾಂಕೋಜೆಬ್ ಕೂಡ ಹಸಿರು ತ್ರಿಕೋನದ್ದೇ. ಅದೂ ಚರ್ಮದ ಅಲರ್ಜಿ ತರಬಲ್ಲದು. ಬೂದಿ ರೋಗಕ್ಕೆ ಬಳಸುವ ಗಂಧಕದ ಪುಡಿ ಚರ್ಮವನ್ನು ಕೆರಳಿಸುತ್ತದೆ. ಸುಣ್ಣ, ಬ್ಲೀಚಿಂಗ್ ಪುಡಿ, ಆಮ್ಲಗಳ ಚೀಲ, ಕ್ಯಾನುಗಳ ಮೇಲೆ ಈ ತ್ರಿಕೋನವೇ ಇರುವುದಿಲ್ಲ.

ಕೆರಳಿಕೆ, ಸುಡುಗಾಯ, ಅಲರ್ಜಿ

ಈ ಮೂರನ್ನೂ ಹಳ್ಳಿಗಳಲ್ಲಿ ‘ಔಷಧಿ ಉರಿ’ ಎಂದೇ ಕರೆಯುವುದು ವಾಡಿಕೆ. ಆದರೆ ಇವುಗಳ ಪರಿಣಾಮ ಬೇರೆ ಬೇರೆ. ಕೆರಳಿಕೆಯಲ್ಲಿ ಚರ್ಮ ಕೆಂಪಾಗಿ, ಊದಿಕೊಂಡು, ಉರಿದು, ಕೆಲವು ದಿನಗಳಲ್ಲಿ ಮೊದಲಿನಂತಾಗುತ್ತದೆ. ಸುಡುಗಾಯದಲ್ಲಿ ಚರ್ಮದ ಪದರವೇ ಸತ್ತು ಹುಣ್ಣಾಗಿ ಕಲೆ ಉಳಿಯುತ್ತದೆ. ಅಲರ್ಜಿಯು ಮೊದಲ ಸಲ ತಗುಲಿದಾಗ ಕಾಣಿಸದಿರಬಹುದು. ದೇಹ ಆ ವಸ್ತುವನ್ನು ಒಮ್ಮೆ ಗುರುತಿಟ್ಟುಕೊಂಡ ನಂತರ ಅತ್ಯಲ್ಪ ಪ್ರಮಾಣ ಸೋಂಕಿದರೂ ತುರಿಕೆ, ಗುಳ್ಳೆಗಳು ಏಳುತ್ತವೆ. ‘ಹತ್ತು ವರ್ಷದಿಂದ ಹೊಡೆಯುತ್ತಿದ್ದೇನೆ, ಈಗೇಕೆ ಹೀಗಾಯಿತು?’ ಎಂದು ಕೇಳುವ ರೈತರಲ್ಲಿ ಅಲರ್ಜಿಯ ಸಾಧ್ಯತೆಯನ್ನು ವಿಸ್ತರಣಾ ಕಾರ್ಯಕರ್ತರು ಮೊದಲು ಪರಿಶೀಲಿಸಬೇಕು. ಅಂಥವರಿಗೆ ಕೈಗವಸು ಧರಿಸಿ ಎಂದು ಹೇಳಿದರೆ ಸಾಲದು, ಆ ಔಷಧಿಯನ್ನೇ ಬದಲಿಸಬೇಕಾಗುತ್ತದೆ.

ಕಣ್ಣಿನ ವಿಷಯದಲ್ಲಿ ಮುಖ್ಯ ಪ್ರಶ್ನೆ ಒಂದೇ: ಆದ ಹಾನಿ ಹಿಂದಿರುಗುತ್ತದೆಯೇ, ಇಲ್ಲವೇ? ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಮಬ್ಬಾಗಿ ಹಾಗೆಯೇ ಉಳಿದರೆ ದೃಷ್ಟಿ ಹೋದಂತೆಯೇ.

ಪ್ರಯೋಗಾಲಯಗಳು ಇದನ್ನು ಹೇಗೆ ನಿರ್ಧರಿಸುತ್ತವೆ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಸಂಗಡಿಗರು 1944ರಲ್ಲಿ ಪ್ರಕಟಿಸಿದ ಮೊಲದ ಪರೀಕ್ಷೆ ಬಹುಕಾಲ ಇದಕ್ಕೆ ಆಧಾರವಾಗಿತ್ತು. 1981ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು ಅದನ್ನು ಮಾರ್ಗಸೂಚಿ 404 (ಚರ್ಮ) ಮತ್ತು 405 (ಕಣ್ಣು) ಎಂಬ ಹೆಸರಿನಲ್ಲಿ ಕ್ರಮಬದ್ಧಗೊಳಿಸಿತು. ಚರ್ಮದ ಪರೀಕ್ಷೆಯಲ್ಲಿ ಕೂದಲು ತೆಗೆದ ಜಾಗಕ್ಕೆ ಅರ್ಧ ಮಿಲಿಲೀಟರ್ ದ್ರವ ಅಥವಾ ಅರ್ಧ ಗ್ರಾಂ ಪುಡಿಯನ್ನು 4 ಗಂಟೆ ಕಟ್ಟಿ, ತೆಗೆದ ನಂತರ 1, 24, 48 ಮತ್ತು 72ನೇ ಗಂಟೆಗಳಲ್ಲಿ ಕೆಂಪು ಮತ್ತು ಊತಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಕಣ್ಣಿನ ಪರೀಕ್ಷೆಯಲ್ಲಿ 0.1 ಮಿಲಿಲೀಟರ್ ಹಾಕಿ, ಅಗತ್ಯವಿದ್ದರೆ 21 ದಿನಗಳವರೆಗೆ ಗಮನಿಸುತ್ತಾರೆ. ಆ ಅವಧಿಯಲ್ಲೂ ವಾಸಿಯಾಗದ ಹಾನಿಯನ್ನು ‘ಗಂಭೀರ ಹಾನಿ’ ಎಂದೂ, ವಾಸಿಯಾದದ್ದನ್ನು ‘ಕೆರಳಿಕೆ’ ಎಂದೂ ವಿಂಗಡಿಸುತ್ತಾರೆ.

ಈಗ ಮೊಲದ ಬಳಕೆ ಕಡಿಮೆಯಾಗುತ್ತಿದೆ. ಮಾನವ ಚರ್ಮದ ಜೀವಕೋಶಗಳನ್ನು ಬೆಳೆಸಿ ಕಟ್ಟಿದ ಕೃತಕ ಚರ್ಮದ ಮೇಲೆ ವಸ್ತುವನ್ನು ಹಾಕಿ, ಎಷ್ಟು ಕೋಶಗಳು ಬದುಕಿದವು ಎಂದು ಎಣಿಸುವ ವಿಧಾನ 2010ರಲ್ಲಿ ಮಾರ್ಗಸೂಚಿ 439 ಆಗಿ ಬಂದಿತು. ಬದುಕಿದ ಕೋಶಗಳು ಶೇ. 50 ಅಥವಾ ಅದಕ್ಕಿಂತ ಕಡಿಮೆಯಾದರೆ ಆ ವಸ್ತು ಚರ್ಮಕ್ಕೆ ಉರಿಕಾರಕ. ಕಣ್ಣಿಗಾಗಿ, ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಕಾರ್ನಿಯಾ ಎಷ್ಟು ಮಬ್ಬಾಗುತ್ತದೆ ಎಂದು ಅಳೆಯುವ ವಿಧಾನವೂ (437) ಬಳಕೆಯಲ್ಲಿದೆ.

ಇದೆಲ್ಲ ರೈತರಿಗೇಕೆ ಎನ್ನಬಹುದು. ಪ್ರಯೋಗಾಲಯಗಳು ಇಂದು ಅನುಸರಿಸುವ ಕ್ರಮ ಹೊಲದಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಮೊದಲು ಲಭ್ಯ ದಾಖಲೆಗಳನ್ನು ಓದುತ್ತಾರೆ; ನಂತರ ರಸಸಾರವನ್ನು ನೋಡುತ್ತಾರೆ; ಜೀವಂತ ಪ್ರಾಣಿಯ ಮೇಲಿನ ಪರೀಕ್ಷೆ ಏನಿದ್ದರೂ ಕಟ್ಟಕಡೆಗೆ. ರಸಸಾರ 2 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 11.5 ಅಥವಾ ಅದಕ್ಕಿಂತ ಹೆಚ್ಚು ಇರುವ ವಸ್ತುವನ್ನು ಸಾಮಾನ್ಯವಾಗಿ ಸುಡುವ ವಸ್ತುವೆಂದೇ ಭಾವಿಸಿ ಮುಂದುವರಿಯುತ್ತಾರೆ. ಹೀಗಿರುವಾಗ, ದ್ರಾವಣವನ್ನು ಅಂಗೈಗೆ ಹಾಕಿಕೊಂಡು ‘ಉರಿಯುತ್ತದೆಯೇ ನೋಡೋಣ’ ಎನ್ನುವ ರೂಢಿಯನ್ನು ಯಾರೂ ಮುಂದುವರಿಸಬಾರದು. ಕೆಲವು ವಸ್ತುಗಳ ಉರಿ ಗಂಟೆಗಳ ನಂತರ ಏಳುತ್ತದೆ. ಅಂಗೈಯ ಚರ್ಮ ದಪ್ಪ, ರೆಪ್ಪೆಯ ಚರ್ಮ ತೆಳು. ಅಂಗೈ ತಾಳಿದ್ದನ್ನು ರೆಪ್ಪೆ ತಾಳುವುದಿಲ್ಲ.

ಯಾವ ಕಾಗದ, ಯಾವ ಸಾಲು?

ಪೀಡೆನಾಶಕದ ಪೊಟ್ಟಣದೊಳಗೆ ಕರಪತ್ರವಿರುವುದು ಕಡ್ಡಾಯ. ವಿಷದ ಲಕ್ಷಣಗಳು, ಪ್ರಥಮ ಚಿಕಿತ್ಸೆ ಮತ್ತು ಪ್ರತಿವಿಷದ ವಿವರ ಅದರಲ್ಲಿರುತ್ತದೆ. ಅಂಗಡಿಯಲ್ಲಿಯೇ ಅದನ್ನು ತೆಗೆಸಿ ನೋಡಿ. ಅಕ್ಷರ ಬಹಳ ಚಿಕ್ಕದಾಗಿರುತ್ತದೆ, ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ಓದುವುದು ಸುಲಭ.

ಇದಕ್ಕಿಂತ ಸ್ಪಷ್ಟವಾದದ್ದು ತಯಾರಕರು ಸಿದ್ಧಪಡಿಸುವ ಸುರಕ್ಷತಾ ದತ್ತಾಂಶ ಹಾಳೆ. ಇದು 16 ಭಾಗಗಳಲ್ಲಿರುತ್ತದೆ. ಬಹುತೇಕ ಕಂಪನಿಗಳ ಜಾಲತಾಣದಲ್ಲಿ ದೊರೆಯುತ್ತದೆ. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯಲ್ಲಿ ಹೆಚ್ಚು ಮಾರಾಟವಾಗುವ ಹತ್ತು ಹನ್ನೆರಡು ಉತ್ಪನ್ನಗಳ ಹಾಳೆಗಳನ್ನು ಇಳಿಸಿಟ್ಟುಕೊಂಡರೆ ಸಾಕು. ನೋಡಬೇಕಾದದ್ದು 2ನೇ ಭಾಗದ ಅಪಾಯ ಸಂಕೇತಗಳು. ಎಚ್314 ಎಂದರೆ ಚರ್ಮ ಸುಡುತ್ತದೆ, ಕಣ್ಣಿಗೂ ಗಂಭೀರ ಹಾನಿ. ಎಚ್315 ಚರ್ಮದ ಕೆರಳಿಕೆ. ಎಚ್317 ಚರ್ಮದ ಅಲರ್ಜಿ. ಎಚ್318 ಕಣ್ಣಿಗೆ ಗಂಭೀರ ಹಾನಿ. ಎಚ್319 ಕಣ್ಣಿನ ಕೆರಳಿಕೆ. 318 ಮತ್ತು 319ರ ನಡುವೆ ಇರುವುದು ಒಂದೇ ಅಂಕೆಯ ವ್ಯತ್ಯಾಸ; ಆದರೆ ಮೊದಲನೆಯದರಲ್ಲಿ ಕಣ್ಣು ಮತ್ತೆ ಮೊದಲಿನಂತಾಗುವ ಭರವಸೆ ಇಲ್ಲ. ಮೈಲುತುತ್ತ, ಕ್ಯಾಲ್ಸಿಯಂ ನೈಟ್ರೇಟ್, ಅರಳಿದ ಸುಣ್ಣ ಈ ಮೂರರ ಹಾಳೆಗಳಲ್ಲಿಯೂ ಎಚ್318 ಇರುತ್ತದೆ. ಗೊಬ್ಬರವೆಂದು ಬರಿಗೈಯಲ್ಲಿ ಎತ್ತಿ ಹಾಕುವ ಕ್ಯಾಲ್ಸಿಯಂ ನೈಟ್ರೇಟ್ ಈ ಸಾಲಿನಲ್ಲಿರುವುದು ಹಲವರಿಗೆ ಆಶ್ಚರ್ಯ ತರಬಹುದು.

ಕಾಗದ ದೊರೆಯದಿದ್ದಾಗ ಔಷಧಿಯ ರೂಪವನ್ನು ನೋಡಿ ಒಂದಷ್ಟು ಊಹಿಸಬಹುದು. ಹೆಸರಿನ ಮುಂದೆ ಇ.ಸಿ. ಎಂದಿದ್ದರೆ ಅದು ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದ ಔಷಧಿ. ಮೂಲ ವಿಷ ಸೌಮ್ಯವಾಗಿದ್ದರೂ ದ್ರಾವಕ ಮತ್ತು ಅದರಲ್ಲಿನ ಸಾಬೂನಿನಂಥ ವಸ್ತು ಕಣ್ಣು, ಚರ್ಮಗಳನ್ನು ಕೆರಳಿಸುತ್ತವೆ. ಡಬ್ಲ್ಯೂ.ಪಿ. ಎಂದರೆ ನೀರಿನಲ್ಲಿ ಕಲೆಯುವ ಪುಡಿ. ಪೊಟ್ಟಣ ಕತ್ತರಿಸಿ ಸುರಿಯುವಾಗ ಏಳುವ ಧೂಳು ನೇರವಾಗಿ ಮುಖಕ್ಕೆ ಬರುತ್ತದೆ. ಡಬ್ಲ್ಯೂ.ಜಿ. ಎಂಬ ಹರಳಿನ ರೂಪದಲ್ಲಿ ಧೂಳು ಕಡಿಮೆ, ಎಸ್.ಸಿ. ರೂಪದಲ್ಲಿ ಎಣ್ಣೆ ದ್ರಾವಕ ಕಡಿಮೆ. ಒಂದೇ ಔಷಧಿ ಎರಡು ರೂಪಗಳಲ್ಲಿ ದೊರೆತರೆ ಈ ಎರಡನ್ನು ಆರಿಸಿಕೊಳ್ಳುವುದು ಒಳಿತು, ಬೆಲೆ ಸ್ವಲ್ಪ ಹೆಚ್ಚಾದರೂ.

ಲೀಟರಿಗೆ 2 ಮಿಲಿಲೀಟರ್ ಎಂದರೆ ಔಷಧಿ 500 ಪಟ್ಟು ತೆಳುವಾಗುತ್ತದೆ. ಆದ್ದರಿಂದ ಅತಿ ಹೆಚ್ಚು ಅಪಾಯ ಇರುವುದು ಸಿಂಪರಣೆಯಲ್ಲಿ ಅಲ್ಲ, 200 ಲೀಟರ್ ಡ್ರಮ್ಮಿಗೆ ಡಬ್ಬಿ ಬಗ್ಗಿಸುವ ಆ ಎರಡು ನಿಮಿಷಗಳಲ್ಲಿ. ಆ ಕೆಲಸ ಮಾಡುವವರು ಮನೆಯ ಹೆಣ್ಣುಮಕ್ಕಳೋ ಕೂಲಿಯವರೋ ಆಗಿದ್ದರೆ ಕನ್ನಡಕ, ಕೈಗವಸು ಮೊದಲು ಅವರಿಗೆ ಸಲ್ಲಬೇಕು. ದೃಷ್ಟಿದೋಷಕ್ಕೆ ಹಾಕುವ ಕನ್ನಡಕ ಸಾಲದು. ಪಕ್ಕಗಳೂ ಮುಚ್ಚುವ ರಕ್ಷಣಾ ಕನ್ನಡಕವೇ ಬೇಕು. ಬಟ್ಟೆಯ ಕೈಗವಸು ಔಷಧಿಯನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ನೈಟ್ರೈಲ್ ರಬ್ಬರಿನದು ಸೂಕ್ತ.

ಸುಣ್ಣ: ಮನೆಯೊಳಗಿನ ಅಪಾಯ

ಈ ಭಾಗದಲ್ಲಿ ಸುಣ್ಣದ ಬಳಕೆ ಹಲವು ಬಗೆಯದು. ಬೋರ್ಡೊ ದ್ರಾವಣಕ್ಕೆ 1 ಕಿಲೋ ಮೈಲುತುತ್ತಕ್ಕೆ 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ರೇಷ್ಮೆ ಹುಳುಗಳು ಜ್ವರಕ್ಕೆ ಕೂತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಸಾಕಣೆ ಮನೆಯ ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿಯ ಶೇ. 2ರ ದ್ರಾವಣಕ್ಕೂ ಸ್ವಲ್ಪ ಸುಣ್ಣ ಬೆರೆಸುತ್ತಾರೆ. ಪರಿಚಿತ ವಸ್ತುವಾದ್ದರಿಂದ ಅದಕ್ಕೆ ಯಾರೂ ಹೆದರುವುದಿಲ್ಲ.

ತಿಳಿ ಸುಣ್ಣದ ನೀರಿನ ರಸಸಾರ ಸುಮಾರು 12.4. ಮೇಲೆ ಹೇಳಿದ 11.5ರ ಗಡಿಯನ್ನು ಇದು ದಾಟಿದೆ. ಚರ್ಮಕ್ಕೆ ತಗುಲಿದರೆ ತೊಳೆದು ಉಳಿದುಕೊಳ್ಳಬಹುದು, ಕಣ್ಣಿಗೆ ಹಾಗಲ್ಲ. ಆಮ್ಲ ತಗುಲಿದಾಗ ಕಾರ್ನಿಯಾದ ಹೊರಪದರದ ಸಸಾರಜನಕ ಹೆಪ್ಪುಗಟ್ಟಿ, ಆಮ್ಲ ಒಳಗೆ ಇಳಿಯದಂತೆ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಸುಣ್ಣದಂಥ ಕ್ಷಾರವು ಜೀವಕೋಶಗಳ ಕೊಬ್ಬನ್ನೇ ಸಾಬೂನಾಗಿಸಿ ಒಳಗೊಳಗೆ ಇಳಿಯುತ್ತದೆ. ಇದರ ಮೇಲೆ, ಸುಣ್ಣದ ಹರಳು ಮೇಲಿನ ರೆಪ್ಪೆಯ ಒಳಮೂಲೆಯಲ್ಲಿ ಸಿಕ್ಕಿಕೊಂಡು, ಹೊರಗೆ ತೊಳೆದು ಮುಗಿಸಿದ ಮೇಲೂ ಕ್ಷಾರವನ್ನು ಬಿಡುತ್ತಲೇ ಇರುತ್ತದೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಒತ್ತಿ ಆಡುವಾಗ ಅದು ಸಿಡಿದು ಮಕ್ಕಳ ಕಣ್ಣು ಕೆಟ್ಟಿರುವ ಪ್ರಕರಣಗಳನ್ನು ಭಾರತದ ನೇತ್ರವೈದ್ಯರು ದಾಖಲಿಸಿದ್ದಾರೆ.

ಸುಟ್ಟ ಸುಣ್ಣವನ್ನು ಅರಳಿಸುವಾಗ ಅದು ಕುದಿದು ಸಿಡಿಯುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ, ಸ್ವಲ್ಪ ಸ್ವಲ್ಪವೇ, ಮುಖವನ್ನು ದೂರವಿಟ್ಟು ಅರಳಿಸಬೇಕು. ರಕ್ಷಣಾ ಕನ್ನಡಕವನ್ನು ಒಂದೇ ಕೆಲಸಕ್ಕೆ ಕೊಳ್ಳಲು ಸಾಧ್ಯವಿದ್ದರೆ ಅದು ಈ ಕೆಲಸಕ್ಕಿರಲಿ.

ಹನಿ ನೀರಾವರಿಗೆ ಬಳಸುವ ಹೈಡ್ರೋಕ್ಲೋರಿಕ್ ಆಮ್ಲದ ವಿಷಯದಲ್ಲಿ ನೆನಪಿಡಬೇಕಾದ ನಿಯಮ: ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಕೋಣೆಯಲ್ಲಿ ಇಡಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ರಸಸಾರ ಕಾಗದದ ಸುರುಳಿ ಅಗ್ಗದ ವಸ್ತು. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಒಂದಿರುವುದು ಸೂಕ್ತ. ಹೆಸರು ತಿಳಿಯದ ಪುಡಿಯನ್ನು ನೀರಿನಲ್ಲಿ ಕದಡಿ ಕಾಗದವನ್ನು ಅದ್ದಿದರೆ ಅತಿ ಆಮ್ಲೀಯ ಅಥವಾ ಅತಿ ಕ್ಷಾರೀಯ ವಸ್ತುಗಳು ಕೂಡಲೇ ಸಿಕ್ಕಿಬೀಳುತ್ತವೆ. ಆದರೆ ರಸಸಾರ 7ರ ಸಮೀಪವಿದೆ ಎಂದ ಮಾತ್ರಕ್ಕೆ ವಸ್ತು ನಿರಪಾಯವಲ್ಲ. ಕ್ಲೋರೋಥಲೋನಿಲ್ ಹಾನಿ ಮಾಡುವುದು ರಸಸಾರದಿಂದಲ್ಲ.

ಪರೀಕ್ಷೆಗೆ ಸಿಗದ ಉರಿ

ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಪೈರಿಥ್ರಾಯ್ಡ್ ಕೀಟನಾಶಕಗಳು ಮುಖ, ಕುತ್ತಿಗೆಗಳಲ್ಲಿ ಇರುವೆ ಹರಿದಂತೆ, ಮೆಣಸಿನಕಾಯಿ ಸವರಿದಂತೆ ಉರಿ ತರುತ್ತವೆ. ಚರ್ಮ ಕೆಂಪಾಗಿರುವುದಿಲ್ಲ, ಊತವೂ ಇರುವುದಿಲ್ಲ. ಇದು ಚರ್ಮದ ಹಾನಿಯಲ್ಲ, ಚರ್ಮದೊಳಗಿನ ನರತುದಿಗಳು ಕೆರಳುವುದರಿಂದ ಬರುವ ಸಂವೇದನೆ. ಕೆಂಪು ಮತ್ತು ಊತಕ್ಕೆ ಮಾತ್ರ ಅಂಕ ಕೊಡುವ ಮೊಲದ ಪರೀಕ್ಷೆಗೆ ಇದು ಕಾಣಿಸುವುದಿಲ್ಲ. ಸೋಂಕಿದ ಕೆಲವು ಗಂಟೆಗಳ ನಂತರ ಆರಂಭವಾಗಿ ಸಾಮಾನ್ಯವಾಗಿ 24 ಗಂಟೆಗಳೊಳಗೆ ಇಳಿಯುತ್ತದೆ. ಬಿಸಿಲು, ಬೆವರು, ಬಿಸಿನೀರಿನಿಂದ ಹೆಚ್ಚುತ್ತದೆ. ಸಾಬೂನು ಮತ್ತು ತಣ್ಣೀರಿನಿಂದ ಮೃದುವಾಗಿ ತೊಳೆಯಬೇಕು. ಇ ಜೀವಸತ್ವವಿರುವ ಎಣ್ಣೆ ಸವರಿದರೆ ಶಮನವಾಗುತ್ತದೆಂದು ವೈದ್ಯಕೀಯ ವರದಿಗಳಿವೆ.

‘ನೈಸರ್ಗಿಕ’ ಎಂಬ ಹೆಸರೂ ಹಸಿರು ತ್ರಿಕೋನದಂತೆಯೇ ಮೈಮರೆಸುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ತಂಬಾಕು, ಬೇವಿನ ಸೊಪ್ಪುಗಳನ್ನು ಗಂಜಲದಲ್ಲಿ ಕುದಿಸಿ ತಯಾರಿಸುವ ಅಗ್ನಿಅಸ್ತ್ರವು ಕೀಟಕ್ಕೆ ಉರಿ ತರುವ ಕಾರಣಕ್ಕೇ ನಮಗೂ ತರುತ್ತದೆ. ಕುದಿಸುವಾಗ ಮತ್ತು ಸೋಸುವಾಗ ಕನ್ನಡಕ, ಕೈಗವಸು ಇದಕ್ಕೂ ಬೇಕು.

ಔಷಧಿಯದಲ್ಲದ ಉರಿ

ಎಲ್ಲ ತುರಿಕೆಯ ಹೊಣೆಯನ್ನೂ ಸಿಂಪರಣೆಯ ಮೇಲೆ ಹೊರಿಸುವುದು ಸರಿಯಲ್ಲ. ಬದುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಮುಖ, ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಅಲರ್ಜಿಯ ಗುಳ್ಳೆ ಎಬ್ಬಿಸುತ್ತದೆ. ಸಿಂಪರಣೆ ನಿಲ್ಲಿಸಿ ವಾರಗಳಾದರೂ ಹೊಲಕ್ಕೆ ಹೋದಾಗಲೆಲ್ಲ ತುರಿಕೆ ಮರುಕಳಿಸಿದರೆ ಈ ಗಿಡವನ್ನು ಶಂಕಿಸಿ. ಎಕ್ಕದ ಹಾಲು ಕಣ್ಣಿಗೆ ಬಿದ್ದಾಗ ನೋವು ಹೆಚ್ಚಿಲ್ಲದೆ ದೃಷ್ಟಿ ಮಾತ್ರ ಮಂಜಾಗುವುದುಂಟು. ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಲ್ಲಿಗೆ ಹೋಗಬೇಕು.

ಕೆ.ಜಿ.ಎಫ್. ಸುತ್ತಲಿನ ಹೊಲಗಳಿಗೆ ಇನ್ನೊಂದು ಕಾರಣವಿದೆ. ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ದಿಬ್ಬಗಳು ಮಾತ್ರ ಹಾಗೆಯೇ ನಿಂತಿವೆ. ಗಾಳಿಯ ತಿಂಗಳುಗಳಲ್ಲಿ ಆ ಪುಡಿ ಏಳುತ್ತದೆ. ಜನ ಇವನ್ನು ‘ಸೈನೈಡ್ ದಿಬ್ಬ’ ಎನ್ನುವುದರಿಂದ ಕಣ್ಣು ಕೆಂಪಾದರೆ ಸೈನೈಡ್ ಎಂದು ಭಯಪಡುವುದು ಸಹಜ. ಆದರೆ ಅತಿ ನುಣುಪಾದ ಕಲ್ಲಿನ ಪುಡಿ ಯಾವ ರಾಸಾಯನಿಕವಿಲ್ಲದೆಯೂ ಕಣ್ಣನ್ನು ಗೀರುತ್ತದೆ. ಮರಳು ಬಿದ್ದಂತೆ ಎರಡೂ ಕಣ್ಣು ಚುಚ್ಚಿ, ತೊಳೆದ ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾದರೆ ಅದು ಬಹುಮಟ್ಟಿಗೆ ಪುಡಿಯ ಗೀರು. ತೊಳೆದ ಮೇಲೂ ಉರಿ ಮುಂದುವರಿದರೆ ರಾಸಾಯನಿಕ ಕಾರಣವನ್ನು ಹುಡುಕಬೇಕು. ಹೊಲದಲ್ಲಿ ಕೂತ ಪುಡಿಯ ರಸಸಾರ ತಿಳಿಯಲು, ಮಣ್ಣು ಪರೀಕ್ಷೆಯಲ್ಲಿ ಮಾಡುವಂತೆ, ಒಂದು ಪಾಲು ಪುಡಿಗೆ ಎರಡೂವರೆ ಪಾಲು ಭಟ್ಟಿ ಇಳಿಸಿದ ನೀರು ಬೆರೆಸಿ ನೋಡಬಹುದು. ದಿಬ್ಬದ ಕಡೆಯಿಂದ ಗಾಳಿ ಬೀಸುವ ಹೊತ್ತಿನಲ್ಲಿ ಸಿಂಪರಣೆ ಮಾಡಿದರೆ ಗೀರಾದ ಕಣ್ಣಿಗೆ ಔಷಧಿಯೂ ಸೇರುತ್ತದೆ. ಗಾಳಿ ಇಳಿದ ಬೆಳಗಿನ ಹೊತ್ತು ಇಲ್ಲಿ ಎರಡು ಕಾರಣಗಳಿಗಾಗಿ ಉತ್ತಮ.

ಕಣ್ಣಿಗೆ ಬಿದ್ದಾಗ

ಡಬ್ಬಿ ಹುಡುಕುವುದು, ಅಂಗಡಿಗೆ ಫೋನ್ ಮಾಡುವುದು ಆಮೇಲೆ. ಮೊದಲು ನೀರು. ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಕಣ್ಣನ್ನು ಎಲ್ಲ ಕಡೆಗೂ ತಿರುಗಿಸುತ್ತ, ಸಣ್ಣ ಧಾರೆಯಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು. ಸುಣ್ಣ, ಬ್ಲೀಚಿಂಗ್ ಪುಡಿಯಾದರೆ ಅರ್ಧ ಗಂಟೆ. ಹಾನಿಯಾಗದ ಕಣ್ಣು ಮೇಲಿರುವಂತೆ ತಲೆಯನ್ನು ಓರೆ ಮಾಡಿ. ಇದು ಕೊಡಗಟ್ಟಲೆ ನೀರಿನ ಕೆಲಸ. ಕೊಳವೆಬಾವಿಗೆ ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಔಷಧಿ ಕಲಸುವುದು ಈ ಕಾರಣಕ್ಕೇ ಅಪಾಯ. ಡ್ರಮ್ಮಿನ ಪಕ್ಕದಲ್ಲಿ 20 ಲೀಟರ್ ಕುಡಿಯುವ ನೀರಿನ ಕ್ಯಾನ್ ಇಟ್ಟುಕೊಂಡೇ ಡಬ್ಬಿ ತೆರೆಯಿರಿ. ಗಡಸು ನೀರಾದರೂ ತೊಳೆಯಲು ಅಡ್ಡಿಯಿಲ್ಲ. ಎದೆಹಾಲು, ಹರಳೆಣ್ಣೆ, ಮನೆಯಲ್ಲಿರುವ ಹಳೆಯ ಕಣ್ಣಿನ ಹನಿ ಯಾವುದನ್ನೂ ಹಾಕಬಾರದು. ಸುಣ್ಣಕ್ಕೆ ಹುಳಿ ಹಿಂಡುವುದಂತೂ ಕೂಡದು.

ತೊಳೆದ ನಂತರ 108ಕ್ಕೆ ಕರೆ ಮಾಡಿ, ಇಲ್ಲವೇ ಸಮೀಪದ ಆಸ್ಪತ್ರೆಗೆ ಹೋಗಿ. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯವರೆಗೆ ಪ್ರಯಾಣವಿದ್ದರೆ ದಾರಿಯಲ್ಲಿಯೂ ನೀರು ಹಾಕುತ್ತಿರಬೇಕು. ಡಬ್ಬಿ ಮತ್ತು ಕರಪತ್ರವನ್ನು ಜೊತೆಗೆ ಒಯ್ಯಿರಿ. ಚರ್ಮಕ್ಕೆ ತಗುಲಿದ್ದರೆ ನೆನೆದ ಬಟ್ಟೆಯನ್ನು ಕೂಡಲೇ ಕಳಚಿ ಸಾಬೂನು ಹಚ್ಚಿ ತೊಳೆಯಿರಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬಾರದು.

ವಿಸ್ತರಣಾ ಕಾರ್ಯಕರ್ತರು ಇಂಥ ಪ್ರತಿ ಪ್ರಕರಣದಲ್ಲಿ ಉತ್ಪನ್ನದ ಹೆಸರು ಮತ್ತು ರೂಪ, ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಜೊತೆಯಲ್ಲಿ ಬೆರೆಸಿದ ಇತರ ಔಷಧಿಗಳು, ತಗುಲಿದಾಗ ಮಾಡುತ್ತಿದ್ದ ಕೆಲಸ, ದೇಹದ ಭಾಗ, ಉರಿ ಆರಂಭವಾಗಲು ಹಿಡಿದ ಸಮಯ, ಎಷ್ಟು ಹೊತ್ತು ತೊಳೆದರು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. 24 ಮತ್ತು 72 ಗಂಟೆಗಳ ನಂತರ ಮತ್ತೊಮ್ಮೆ ವಿಚಾರಿಸಿ, ಆ ಜಾಗ ಹೇಗಿದೆ ಎಂದು ದಾಖಲಿಸಬೇಕು. ಒಂದೇ ಬ್ಯಾಚಿನಿಂದ ಒಬ್ಬರಿಗಿಂತ ಹೆಚ್ಚು ಮಂದಿಗೆ ಉರಿ ಬಂದಿದ್ದರೆ, ಉಳಿದ ಔಷಧಿಯ ಡಬ್ಬಿಯನ್ನು ಎಸೆಯಲು ಬಿಡದೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ತಿಳಿಸಬೇಕು. ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸುವ ಅಧಿಕಾರ ಕೀಟನಾಶಕ ಪರಿವೀಕ್ಷಕರಿಗಿದೆ.